ಗೆರ್ಬೆನ್ ರ‍್ಯಾಕ್ ಆರಿಸಿದ ಎರಡು ಬೇಸಿಗೆ

ನನ್ನ ಅಕ್ಕನ ಗಂಡ ಗೆರ್ಬೆನ್ ಯಾವ ವಸ್ತುವನ್ನೂ ಕೊಳ್ಳುವವನಲ್ಲ, ಆರಿಸುವವನು. ಇವೆರಡರ ನಡುವಿನ ವ್ಯತ್ಯಾಸ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನಾನು ನಮ್ಮೂರು ಬೋಲ್ಸ್ವರ್ಡಿನ ಬ್ರೆಡ್ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ನಿಂತವಳು. ಜನ ಒಳಗೆ ಬಂದು, ಬೆರಳು ತೋರಿಸಿ, ಬ್ರೆಡ್ ಚೀಲಕ್ಕೆ ಹಾಕಿಕೊಂಡು ಹೋಗಲು ಒಂದು ನಿಮಿಷ ಸಾಕು. ಗೆರ್ಬೆನ್ ಬಂದರೆ ಮಾತ್ರ ಅವನ ಹಿಂದೆ ಸಾಲು ಬಾಗಿಲಾಚೆಗೂ ಬೆಳೆಯುತ್ತಿತ್ತು. ಒಂದು ಸಕ್ಕರೆ ಬ್ರೆಡ್ ತೂಗಿಸಿ, ಅದರ ಪಕ್ಕದ್ದನ್ನೂ ತೂಗಿಸಿ, ಕೊನೆಗೆ "ನಾಳೆ ಬರ್ತೀನಿ ಮಿಂಕೆ, ಮನೇಲಿ ಇನ್ನೂ ಅರ್ಧ ಉಳಿದಿದೆ" ಎಂದು ಹೊರಟುಬಿಡುತ್ತಿದ್ದ.

ತೂಕವೇ ಅವನ ಕಸುಬು. ಕಾಲುವೆ ಪಕ್ಕದ ಮರಳು ಜಲ್ಲಿ ಯಾರ್ಡಿನಲ್ಲಿ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಮೂವತ್ತೆಂಟು ವರ್ಷ ಕೂತವನು. ಲಾರಿ ಹತ್ತಿ ನಿಂತ ಕೂಡಲೇ ಕಿಟಕಿಯಿಂದ ಕೈ ಚಾಚಿ "ಕಾಗದ" ಎನ್ನುವುದು, ಕಾಗದದಲ್ಲಿರುವ ಮಿತಿ ನೋಡುವುದು, ಮುಳ್ಳು ನೋಡುವುದು, ಹೆಚ್ಚಿದ್ದರೆ ತಲೆ ಅಲ್ಲಾಡಿಸುವುದು. ಇಷ್ಟೇ ಕೆಲಸ. ಇದನ್ನು ಅವನು ಪೂಜೆಯ ಹಾಗೆ ಮಾಡಿದ. ತೀರಿಹೋದ ನನ್ನ ಗಂಡ ನಮ್ಮ ಮನೆ ಕಟ್ಟುವಾಗ ಅಲ್ಲಿಂದ ಮರಳು ತರಲು ಹೋಗಿದ್ದರು. ಅರವತ್ತು ಕಿಲೋ ಹೆಚ್ಚಿತ್ತು. ಹಿಂದಿನ ಭಾನುವಾರವಷ್ಟೇ ಇಬ್ಬರೂ ಒಂದೇ ಮೇಜಿನಲ್ಲಿ ಉಂಡವರು. ಗೆರ್ಬೆನ್ ಹೊರಗೆ ಬಂದು, ಹೇಗಿದ್ದೀ ಎಂದು ಕೂಡ ಕೇಳದೆ, ಒಂದು ಸಲಿಕೆ ತಂದು ಅವರ ಕೈಗೆ ಕೊಟ್ಟನಂತೆ. ನನ್ನ ಗಂಡ ಸಾಯುವ ತನಕ ಆ ಸಲಿಕೆಯ ಕತೆ ಹೇಳುತ್ತಿದ್ದರು. ಗೆರ್ಬೆನ್ ಕೂಡ ಹೇಳುತ್ತಿದ್ದ, ಹೆಮ್ಮೆಯಿಂದ.

ಇಂಥವನ ಕೈಗೆ ನನ್ನ ಅಕ್ಕನ ಕಣ್ಣು ಸಿಕ್ಕಿತು.

ಹೋದ ವರ್ಷದ ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಡಾಕ್ಟರು ನನ್ನ ಅಕ್ಕ ಹಿಸ್ಕೆಯ ಕಣ್ಣು ನೋಡಿ, ದೃಷ್ಟಿಯ ನಡುಭಾಗ ಮಸುಕಾಗುತ್ತಿದೆ, ಅಂಚು ಉಳಿಯುತ್ತದೆ, ನಡು ಹೋಗುತ್ತದೆ, ತಡೆಯುವ ಔಷಧ ಇಲ್ಲ ಎಂದರು. ಸೈಕಲ್ ತುಳಿಯಬಹುದೇ ಎಂದು ಇವಳು ಕೇಳಿದ್ದಾಳೆ. ಇವಳಿಗೆ ಅದೇ ಮೊದಲ ಪ್ರಶ್ನೆ. ಎರಡು ಬೇಸಿಗೆ ಸಿಕ್ಕರೆ ನಿಮ್ಮ ಅದೃಷ್ಟ ಎಂದರಂತೆ ಅವರು. ನಾವು ಮೂವರೂ ಆಸ್ಪತ್ರೆಯ ಕೆಳಗಿನ ಕ್ಯಾಂಟೀನಿನಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತಿದ್ದೆವು. ಹಿಸ್ಕೆ ಅಳಲಿಲ್ಲ.

"ನಂಗೆ ಮೋಸೆಲ್ ನದಿ ಪಕ್ಕ ಸೈಕಲ್ ಹೊಡೀಬೇಕು," ಎಂದಳು. "ಗುಡ್ಡ ನೋಡ್ಬೇಕು. ಎಪ್ಪತ್ತು ವರ್ಷ ಆಯ್ತು, ನಮ್ಮೂರಲ್ಲಿ ಸಮುದ್ರದ ಒಡ್ಡು ಬಿಟ್ರೆ ಏನೂ ಎದ್ದು ನಿಂತಿಲ್ಲ. ನನ್ನ ಸೈಕಲ್ ಮೇಲೆ ಕೂತು ಒಂದು ಗುಡ್ಡ ನೋಡ್ಬಿಡ್ತೀನಿ."

"ಅಲ್ಲೇ ಬಾಡಿಗೆಗೆ ಸಿಗ್ತವೆ ಕಣೇ," ಎಂದೆ ನಾನು.

"ಬೇರೆ ಸೈಕಲ್ ಆಗಲ್ಲ ಮಿಂಕೆ. ನನ್ನ ಸೈಕಲ್‌ದು ಬ್ರೇಕು, ಗೇರು, ಬೆಲ್ಲು ಎಲ್ಲಾ ಬೆರಳಿಗೆ ಗೊತ್ತು. ಕಣ್ಣು ಬೇಕಾಗಿಲ್ಲ ಅದಕ್ಕೆ."

ಇಬ್ಬರದೂ ಬ್ಯಾಟರಿ ಸೈಕಲ್. ಎಮ್ಮೆಕರುವಿನಂಥ ಭಾರ. ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಸೈಕಲ್ ಹೇರುವ ರ‍್ಯಾಕ್ ಇಲ್ಲದೆ ಅವನ್ನು ಜರ್ಮನಿಗೆ ಒಯ್ಯುವುದು ಆಗದ ಮಾತು. ಗೆರ್ಬೆನ್ ಗಂಟಲು ಸರಿಮಾಡಿಕೊಂಡು, "ರ‍್ಯಾಕ್ ನಾನು ನೋಡ್ಕೋತೀನಿ" ಎಂದ. ನನಗೆ ಆಗಲೇ ಆ ಸಕ್ಕರೆ ಬ್ರೆಡ್ ನೆನಪಾಯಿತು.

ಮೇ ತಿಂಗಳಿಗೆ ಅವನ ಊಟದ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿತ್ತು. ಅಡ್ಡ ಹದಿನಾಲ್ಕು ರ‍್ಯಾಕ್, ಉದ್ದ ಹನ್ನೊಂದು ಗುಣ. ತೂಕ, ಹೊರುವ ಶಕ್ತಿ, ಬೀಗ, ಚಕ್ರ ಕೂರುವ ಹಳಿಯ ಅಗಲ, ಪಟ್ಟಿಯ ಗಟ್ಟಿತನ, ಡಿಕ್ಕಿ ತೆಗೆಯಲು ಎಷ್ಟು ಬಾಗುತ್ತದೆ, ಮಡಚಿದರೆ ಎಷ್ಟು ಜಾಗ, ಇನ್ನೂ ಏನೇನೋ. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ನಮ್ಮ ಶಾಲೆಗಳಲ್ಲಿ ಆರು ಬಂದರೆ ಪಾಸು, ಎಂಟು ಬಂದರೆ ಮನೆಯಲ್ಲಿ ಕೇಕು, ಒಂಬತ್ತು ಕೊಟ್ಟ ಮೇಷ್ಟರನ್ನು ನಾನಂತೂ ಕಂಡಿಲ್ಲ. ಗೆರ್ಬೆನ್ ಎಂಟಕ್ಕಿಂತ ಕಡಿಮೆಯದನ್ನು ಮನೆಗೆ ತರುವುದಿಲ್ಲ ಎಂದು ಶಪಥ ಮಾಡಿದ್ದ. ಪುಣ್ಯಕ್ಕೆ ಮದುವೆಯಾಗುವಾಗ ಅವನ ಬಳಿ ಇಂಥ ಹಾಳೆ ಇರಲಿಲ್ಲ, ಇದ್ದಿದ್ದರೆ ನನ್ನ ಅಕ್ಕ ಇನ್ನೂ ಕನ್ಯೆಯಾಗಿಯೇ ಇರುತ್ತಿದ್ದಳು.

"ನಂದೇ ಒಂದು ರ‍್ಯಾಕ್ ಇದೆಯಲ್ಲ ಗೆರ್ಬೆನ್. ತಗೊಂಡು ಹೋಗು," ಎಂದೆ. ನನ್ನ ಗಂಡ ಬಿಟ್ಟುಹೋದದ್ದು, ಇಪ್ಪತ್ತು ವರ್ಷ ಹಳೆಯದು. ಅವನು ಶೆಡ್ಡಿಗೆ ಬಂದು ಅದನ್ನು ಸುತ್ತು ಹಾಕಿ ನೋಡಿದ. ಬಗ್ಗಿ ನೋಡಿದ. ಉಗುರಿನಿಂದ ತುಕ್ಕು ಕೆರೆದ.

"ನಾಲ್ಕು," ಎಂದ.

"ಏನು ನಾಲ್ಕು?"

"ಅಂಕ. ಇದು ಮೋಟಾರಿಲ್ಲದ ಕಾಲದ್ದು, ಹುಡುಗಿ. ಇದರ ಮೇಲೆ ಎರಡು ಬ್ಯಾಟರಿ ಸೈಕಲ್ ಹೇರಿದ್ರೆ ಮುಂದಿನ ಸೇತುವೆ ಹತ್ರ ಒಂದು, ಅದರ ಮುಂದಿನ ಸೇತುವೆ ಹತ್ರ ಇನ್ನೊಂದು ಆಯ್ಕೋಬೇಕು."

ನನಗೆ ಅರವತ್ತಾರು. ಅವನು ನನ್ನನ್ನು ಹುಡುಗಿ ಎನ್ನುವುದು ಪ್ರೀತಿಗಲ್ಲ. ಆದರೆ ಆ ಮಾತು ಸುಳ್ಳೂ ಆಗಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಹೋಗಲಿ, ಹಿಸ್ಕೆಯ ಸೈಕಲ್ ಒಂದನ್ನೇ ಹೇರಿಕೊಂಡು ನಾವಿಬ್ಬರೇ ಹೋಗೋಣ ಎಂದು ಅವಳನ್ನು ಕರೆದೆ. ನಾನು ಅಲ್ಲೇ ಒಂದು ಬಾಡಿಗೆಗೆ ಹಿಡಿಯುತ್ತೇನೆ ಎಂದೆ. "ಗೆರ್ಬೆನ್ ಬಿಟ್ಟು ಹೆಂಗೆ ಬರ್ಲಿ? ನೋಡು, ಪಾಪ, ಎಷ್ಟು ಒದ್ದಾಡ್ತಿದಾನೆ," ಎಂದಳು. ಒಂದು ಸಲ ಕೇಳಿ ಸುಮ್ಮನಾದೆ. ಇನ್ನೊಂದು ಸಲ ಕೇಳಬೇಕಿತ್ತು.

ಜೂನ್‌ನಲ್ಲಿ ಅವಳ ಹುಟ್ಟುಹಬ್ಬ. ಮನೆಯ ಕುರ್ಚಿಗಳೆಲ್ಲ ಗೋಡೆಗುಂಟ ದುಂಡಗೆ. ಬಂದವರೆಲ್ಲ ಎಲ್ಲರ ಕೈ ಕುಲುಕಿ, ಒಬ್ಬೊಬ್ಬರೂ ಒಂದು ತುಂಡು ಕೇಕು ಮಡಿಲಲ್ಲಿಟ್ಟುಕೊಂಡು ಕೂತರು. ಆಮೇಲೆ ಉಪದೇಶ ಶುರುವಾಯಿತು. ಎದುರು ಮನೆಯ ಫೋಪ್ಪೆ ಬಾಗುವ ರ‍್ಯಾಕ್ ತಗೋ ಎಂದ. ಅವನ ಹೆಂಡತಿ ಬಾಗುವುದು ಬೇಡ, ನಮ್ಮದು ಬಾಗಿದ್ದು ಮತ್ತೆ ಏಳಲೇ ಇಲ್ಲ ಎಂದಳು. ಒಬ್ಬರಿಗೆ ಇಳಿಜಾರು ಹಲಗೆ ಇರಲೇಬೇಕು, ಸೈಕಲ್ಲನ್ನು ತಳ್ಳಿಕೊಂಡೇ ಮೇಲೆ ಹತ್ತಿಸಬಹುದು, ಸೊಂಟ ಉಳಿಯುತ್ತದೆ. ಇನ್ನೊಬ್ಬರಿಗೆ ಆ ಹಲಗೆಯನ್ನು ಎಲ್ಲಿಡುವುದು ಎಂಬ ಚಿಂತೆ. ಕೇಳುತ್ತ ಕೇಳುತ್ತ ಗೆರ್ಬೆನ್ ಹಾಳೆಗೆ ಇನ್ನೆರಡು ಗುಣ ಸೇರಿಸಿದ. ಕೂತವರೆಲ್ಲ ಮೋಸೆಲ್‌ಗೆ ಹೋಗಿಬಂದವರೇ. ಹೋಗದವಳು ಒಬ್ಬಳೇ, ಅವಳು ಕಾಫಿ ಸುರಿಯುತ್ತಿದ್ದಳು.

ಕೊನೆಗೆ ಒಂದು ರ‍್ಯಾಕ್ ಮುಂದೆ ಬಂತು. ಏಳು ಮುಕ್ಕಾಲು ಅಂಕ, ಕಾಲು ಅಂಕದ ಮಟ್ಟಿಗೆ ಅವನು ಶಪಥ ಸಡಿಲಿಸಿದ. ಇನ್ನು ತೂಕವೊಂದು ಕೂಡಿಸಿದರೆ ಆಯಿತು. ಕೊಂಡಿಯ ಮೇಲಿನ ತಗಡಿನಲ್ಲಿ ಎಪ್ಪತ್ತೈದು ಕಿಲೋ ಎಂದು ಕೆತ್ತಿತ್ತು. ಕಂಪನಿಯವರು ಬರೆದ ಸೈಕಲ್ ತೂಕವನ್ನು ಗೆರ್ಬೆನ್ ನಂಬುವವನೇ? ಬಚ್ಚಲಿನ ತೂಕದ ಯಂತ್ರವನ್ನು ಅಂಗಳಕ್ಕೆ ತಂದಿಟ್ಟ. ಎಪ್ಪತ್ತೊಂದರ ಮುದುಕ ಒಂದು ಸೈಕಲ್ಲನ್ನು ತಬ್ಬಿ ಎತ್ತಿಕೊಂಡು ಅದರ ಮೇಲೆ ನಿಂತ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ತಬ್ಬಿದ ಸೈಕಲ್ಲು ಅಡ್ಡ ಬಂದು ಅವನಿಗೆ ಕೆಳಗಿನ ಅಂಕಿ ಕಾಣುತ್ತಿರಲಿಲ್ಲ.

"ಹಿಸ್ಕೆ, ಎಷ್ಟು ಅಂತ ಓದು. ಬೇಗ."

ಅವಳು ಬಗ್ಗಿದಳು. ಇನ್ನೂ ಬಗ್ಗಿದಳು. ಕತ್ತನ್ನು ಈ ಕಡೆ ವಾಲಿಸಿ, ಆ ಕಡೆ ವಾಲಿಸಿ ನೋಡಿದಳು.

"ಮಿಂಕೆ, ನೀನೇ ಓದೇ," ಎಂದಳು.

ಎರಡು ಸೈಕಲ್ಲಿಗೂ ನಾನೇ ಓದಿದೆ. ಅವನ ತೂಕ ಕಳೆದು ಅವಳದು ಇಪ್ಪತ್ತೇಳು ಪಾಯಿಂಟ್ ನಾಲ್ಕು, ಅವನದು ಇಪ್ಪತ್ತೆಂಟು ಪಾಯಿಂಟ್ ಆರು. ರ‍್ಯಾಕ್ ಸೇರಿ ಎಪ್ಪತ್ತಾರು ಪಾಯಿಂಟ್ ಎರಡು. ಒಂದು ಕಿಲೋ ಇನ್ನೂರು ಗ್ರಾಂ ಹೆಚ್ಚು. ಗೆರ್ಬೆನ್ ಸೈಕಲ್ ಕೆಳಗಿಳಿಸಿ ತಲೆ ಅಲ್ಲಾಡಿಸಿದ.

"ಬ್ಯಾಟರಿ ಬಿಚ್ಚಿ ಕಾರೊಳಗೆ ಇಡು ಮಾರಾಯ. ಎಲ್ಲರೂ ಹಂಗೇ ಮಾಡೋದು," ಎಂದೆ.

ಇದನ್ನು ಒಪ್ಪಲು ಅವನಿಗೆ ಮೂರು ವಾರ ಬೇಕಾಯಿತು. ಒಪ್ಪಿದ ಮೇಲೆ ಹಿಸ್ಕೆಯ ಲೇಡೀಸ್ ಸೈಕಲ್ಲಿಗೆ ಮೇಲಿನ ದಂಡವಿಲ್ಲ, ರ‍್ಯಾಕಿನ ಕೈ ಎಲ್ಲಿ ಹಿಡಿಯಬೇಕು ಎಂಬ ಪ್ರಶ್ನೆ. ಅದಕ್ಕೆ ಉದ್ದನೆಯ ಕೈ ಸಿಗುತ್ತದೆಂದು ಆಗಸ್ಟಿನಲ್ಲಿ ಗೊತ್ತಾಯಿತು. ಕೊಳ್ಳಲು ಹೊರಟ ದಿನ, ಅಭ್ಯಾಸಬಲದಿಂದ, ಕಾರಿನ ಕಾಗದವನ್ನೊಮ್ಮೆ ತೆಗೆದು ನೋಡಿದ್ದಾನೆ. ಕೊಂಡಿ ಎಪ್ಪತ್ತೈದು ಹೊರುತ್ತದೆ, ನಿಜ. ಆದರೆ ಆ ಕಾರು ಕೊಂಡಿಯ ಮೇಲೆ ಅರವತ್ತಕ್ಕಿಂತ ಹೆಚ್ಚು ಹೊರಬಾರದು ಎಂದು ಕಾಗದ ಹೇಳುತ್ತಿತ್ತು. ಮೂವತ್ತೆಂಟು ವರ್ಷ ಸಿಕ್ಕಸಿಕ್ಕ ಲಾರಿಯವನ ಕಾಗದ ಕೇಳಿದ ಮಹಾನುಭಾವ, ತನ್ನ ಕಾರಿನ ಕಾಗದ ಓದಿರಲಿಲ್ಲ. ಎರಡು ದಿನ ಆ ಕಾಗದವನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದ. ಮೂರನೆಯ ದಿನ, ಕಾರು ಬದಲಾಯಿಸುತ್ತೇನೆ ಎಂದ.

ನೀವು ಸರಿಯಾಗಿಯೇ ಓದಿದಿರಿ. ಸೈಕಲ್ಲಿಗಾಗಿ ರ‍್ಯಾಕ್, ರ‍್ಯಾಕಿಗಾಗಿ ಕಾರು. ಇನ್ನು ಕಾರಿಗಾಗಿ ಮನೆ ಬದಲಾಯಿಸುತ್ತಾನೋ ಎಂದು ನಾನು ಕೇಳಿದ್ದಕ್ಕೆ ಅವನು ಗಂಭೀರವಾಗಿ, ಶೆಡ್ಡಿನ ಅಳತೆ ನೋಡಿದ್ದೇನೆ, ಹಿಡಿಸುತ್ತದೆ ಎಂದ.

ಮೊದಲ ಬೇಸಿಗೆ ಹಾಗೆ ಹೋಯಿತು. ಚಳಿಗಾಲವಿಡೀ ಊಟದ ಮೇಜಿನ ಮೇಲೆ ಕಾರುಗಳ ಹಾಳೆ. ಆ ಚಳಿಗಾಲದಲ್ಲೇ ಹಿಸ್ಕೆ ಲೋಟದ ಪಕ್ಕಕ್ಕೆ ಕಾಫಿ ಸುರಿಯಲು ಶುರು ಮಾಡಿದಳು. ಅದಕ್ಕೊಂದು ಉಪಾಯವನ್ನೂ ಕಂಡುಕೊಂಡಳು, ಲೋಟದೊಳಗೆ ಬೆರಳಿಟ್ಟು ಸುರಿಯುವುದು. ಹೆಣಿಗೆ ಬಿಟ್ಟಳು. ಪೇಪರನ್ನು ಬಿಡಿಸಿ ಹಿಡಿದು ಓದುವವಳಂತೆ ಕೂರುತ್ತಿದ್ದಳು, ಹಾಳೆ ತಿರುಗಿಸುತ್ತಲೇ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಗೆರ್ಬೆನ್ ಎದುರು ಕುರ್ಚಿ ಎಳೆದುಕೊಂಡು ಕೂತೆ.

"ನಿನ್ನ ಹಾಳೇಲಿ ಹದಿಮೂರು ಗುಣ ಇದಾವಲ್ಲ, ಅದ್ರಲ್ಲಿ ಅವಳ ಕಣ್ಣು ಎಲ್ಲಿದೆ ತೋರಿಸು."

"ಕೂಗಬೇಡ."

"ಕೂಗ್ತಿಲ್ಲ, ಕೇಳ್ತಿದೀನಿ. ಕಣ್ಣು ನಿನಗೋಸ್ಕರ ಕಾಯಲ್ಲ ಗೆರ್ಬೆನ್."

ಅವನು ಪೆನ್ಸಿಲ್ ಕೆಳಗಿಟ್ಟ. "ಹೆದ್ದಾರೀಲಿ ಸೈಕಲ್ ಜಾರಿ ಬಿದ್ರೆ? ಪಟ್ಟಿ ಸಡಿಲಾಗಿ ಹ್ಯಾಂಡಲ್ ಬಾಗಿದ್ರೆ? ಬ್ರೇಕ್ ಒಂದು ಬೆರಳಷ್ಟು ಆಚೆ ಹೋದ್ರೂ ಅವಳ ಕೈಗೆ ಸಿಗಲ್ಲ. ಆಮೇಲೆ ಅವಳಿಗೆ ಏನು ಉಳಿಯುತ್ತೆ? ನಂಗೆ ಒಂದೇ ಸಲ ಅವಕಾಶ ಇರೋದು. ತಪ್ಪು ಮಾಡೋ ಹಾಗಿಲ್ಲ."

ಅವನು ಜಿಪುಣ, ಪುಕ್ಕಲ, ಹಟಮಾರಿ ಎಂದೆಲ್ಲ ಬೈಯಲು ಸಿದ್ಧಳಾಗಿ ಬಂದಿದ್ದೆ. ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಆದರೂ ಮನೆಗೆ ಬಂದ ಮೇಲೆ ಕೋಪ ಇಳಿಯಲಿಲ್ಲ. ಪ್ರೀತಿಯಿಂದ ತಡ ಮಾಡಿದರೂ ತಡ ತಡವೇ.

ಹೊಸ ಕಾರು ಏಪ್ರಿಲ್‌ನಲ್ಲಿ ಬಂತು. ಅದರ ಕಾಗದ ಎಂಬತ್ತು ಕಿಲೋ ಎನ್ನುತ್ತಿತ್ತು. ಕೊಂಡಿ ಹಾಕುವವನಿಗೆ ಬಿಡುವಾಗುವಷ್ಟರಲ್ಲಿ ಜೂನ್. ಏಳು ಮುಕ್ಕಾಲು ಅಂಕದ ರ‍್ಯಾಕ್ ಅಷ್ಟರಲ್ಲಿ ಮಾರುಕಟ್ಟೆಯಿಂದಲೇ ಮಾಯವಾಗಿತ್ತು. ಅದು ಹೋದದ್ದು ಒಳ್ಳೆಯದೇ ಆಯಿತು ಎಂದ ಗೆರ್ಬೆನ್, ಏಕೆಂದರೆ ಅದರ ಜಾಗದಲ್ಲಿ ಬಂದ ಹೊಸದಕ್ಕೆ ಎಂಟು ಪಾಯಿಂಟ್ ಒಂದು ಅಂಕ ಸಿಕ್ಕಿತ್ತು. ಇಷ್ಟು ಸಂತೋಷದ ಸುದ್ದಿಯನ್ನು ಅವನು ಬಾಗಿಲಲ್ಲೇ ನಿಂತು ಹೇಳಿದ. ಹೇಳಿಕಳಿಸಿದ ರ‍್ಯಾಕ್ ಮನೆಗೆ ಬಂದದ್ದು ಆಗಸ್ಟ್ ಕೊನೆಯ ವಾರ. ಗುರುವಾರ ಹೊರಡುವುದು ಎಂದು ನಿಶ್ಚಯವಾಯಿತು. ಹಿಸ್ಕೆ ಆ ದಿನವೇ ಚೀಲ ತುಂಬಿ ಬಾಗಿಲ ಬಳಿ ಇಟ್ಟಳು.

ಅದಕ್ಕೂ ಮುಂಚೆ, ಶನಿವಾರ ಬೆಳಿಗ್ಗೆ, ಬೀದಿಯಲ್ಲಿ ಪರೀಕ್ಷೆ. ಹೊಸ ರ‍್ಯಾಕನ್ನು ನೋಡಲು ಅರ್ಧ ಬೀದಿ ಬಂದಿತ್ತು. ಫೋಪ್ಪೆ ಮಡಚುವ ಕುರ್ಚಿ ತಂದುಕೊಂಡಿದ್ದ. ಗೆರ್ಬೆನ್ ತೊಳೆದ ಕೈ, ಇಸ್ತ್ರಿ ಹಾಕಿದ ಅಂಗಿಯಲ್ಲಿ, ಆಪರೇಶನ್ ಮಾಡುವ ಡಾಕ್ಟರಂತೆ ಓಡಾಡುತ್ತಿದ್ದ. ರ‍್ಯಾಕ್ ಕೊಂಡಿಗೆ ಕೂತಿತು, ಹಿಡಿಕೆ ಒತ್ತಿದ, ಕಟಕ್ ಎಂದಿತು. ಅವನ ಸೈಕಲ್ ಇಳಿಜಾರು ಹಲಗೆಯ ಮೇಲೆ ಬೆಣ್ಣೆಯ ಹಾಗೆ ಹತ್ತಿತು. ಬ್ಯಾಟರಿ ಬಿಟ್ಟು ಒಟ್ಟು ಅರವತ್ತೆಂಟು ಪಾಯಿಂಟ್ ಎಂಟು ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಯಾರೋ ಚಪ್ಪಾಳೆ ತಟ್ಟಿದರು.

"ಹಿಸ್ಕೆ, ನಿನ್ನದು ತಗೊಂಡು ಬಾ," ಎಂದು ಕೂಗಿದ.

ಅವಳು ಶೆಡ್ಡಿನಿಂದ ಸೈಕಲ್ಲನ್ನು ತಳ್ಳಿಕೊಂಡು ಬರಬಹುದಿತ್ತು. ನಲವತ್ತು ಹೆಜ್ಜೆಯೂ ಇಲ್ಲ. ಆದರೆ ನೋಡುವವರಿದ್ದರು, ಅವಳಿಗೂ ಹುರುಪು. ಹತ್ತಿ ಕೂತು ತುಳಿದುಕೊಂಡೇ ಬಂದಳು. ಬೆನ್ನು ನೇರ, ಮುಖದಲ್ಲಿ ನಗು, ಬೆಲ್ಲು ಬೇರೆ ಬಾರಿಸಿದಳು. ಹಿಂದಿನ ಓಣಿ ಬೀದಿಗೆ ಸೇರುವಲ್ಲಿ ಕಾರು ನುಗ್ಗದಿರಲೆಂದು ನೆಟ್ಟ ಕೆಂಪು ಬಿಳಿ ಬಣ್ಣದ ಗೂಟ ಹನ್ನೆರಡು ವರ್ಷದಿಂದ ಅಲ್ಲೇ ಇದೆ. ಅವಳು ಅದನ್ನು ದಿನಕ್ಕೆ ನಾಲ್ಕು ಸಲ ಬಳಸಿಕೊಂಡು ಹೋದವಳು. ಈ ಸಲ ಯಾರೋ ಗೆರೆ ಎಳೆದುಕೊಟ್ಟ ಹಾಗೆ ನೇರವಾಗಿ ಅದಕ್ಕೇ ಬಂದು ಗುದ್ದಿದಳು.

ಮೂಳೆ ಮುರಿಯಲಿಲ್ಲ. ಮೊಣಕೈ, ಗಲ್ಲ ತರಚಿತು. ಗೆರ್ಬೆನ್ ಓಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ, ಅಂದು ಕಂಡೆ. ಅವಳು ನೆಲದ ಮೇಲೆ ಕೂತು ನಮ್ಮನ್ನೆಲ್ಲ ಸುತ್ತ ನೋಡಿದಳು.

"ನೀವೆಲ್ಲ ಕಾಣ್ತಿದ್ರಿ," ಎಂದಳು. "ಫೋಪ್ಪೆ ಕುರ್ಚೀನೂ ಕಾಣ್ತಿತ್ತು. ಅದೊಂದೇ ಕಾಣ್ಲಿಲ್ಲ."

ಫೋಪ್ಪೆ ಕುರ್ಚಿ ಮಡಚಿದ. ಒಬ್ಬೊಬ್ಬರೇ ಮನೆಗೆ ಹೋದರು. ಗುರುವಾರ ಬಂತು, ಹೋಯಿತು. ಅವಳು ಬಾಗಿಲ ಬಳಿಯ ಚೀಲ ಬಿಚ್ಚಿ ಬಟ್ಟೆಗಳನ್ನು ಕಪಾಟಿಗೆ ಮರಳಿಸಿದಳು, ಸೈಕಲ್ಲಿಗೆ ಒಂದು ಹಳೆಯ ಹಾಸಿಗೆ ಬಟ್ಟೆ ಹೊದಿಸಿದಳು. ಎರಡು ಬೇಸಿಗೆ ಎಂದಿದ್ದ ಡಾಕ್ಟರು ಎಷ್ಟು ಸರಿಯಾಗಿ ಅಳೆದಿದ್ದರು ನೋಡಿ.

ನಾನು ಎರಡು ವಾರ ಗೆರ್ಬೆನ್ ಮುಖ ನೋಡಲಿಲ್ಲ. ನೋಡಿದರೆ ಏನಾದರೂ ಅಂದುಬಿಡುತ್ತೇನೆ ಎಂದು ಹೆದರಿಕೆ. ಮೂರನೆಯ ವಾರ ಫೋಪ್ಪೆ ಫೋನ್ ಮಾಡಿ, "ಮಿಂಕೆ, ಸ್ವಲ್ಪ ಬಾ, ನಿಮ್ಮ ಗೆರ್ಬೆನ್‌ಗೆ ಏನೋ ಆಗಿದೆ" ಎಂದ.

ಹೋಗಿ ನೋಡಿದರೆ ಅವನು ಲೇವಾರ್ಡನ್ ಪಟ್ಟಣದ ಕಡೆಯ ಯಾರಿಂದಲೋ ಇಬ್ಬರು ತುಳಿಯುವ ಒಂದು ಜೋಡಿ ಸೈಕಲ್ ತಂದಿದ್ದ. ಅದಕ್ಕೂ ಮೋಟಾರು, ಅದೂ ಹಳೆಯದು, ಬಣ್ಣ ಹೋದದ್ದು, ಅರ್ಧ ದೋಣಿಯಷ್ಟು ಉದ್ದ. ಬೆಳಿಗ್ಗೆ ಜಾಹೀರಾತು ನೋಡಿದ್ದು, ಮಧ್ಯಾಹ್ನ ತಂದದ್ದು. ತೂಗಿರಲಿಲ್ಲ. ಆ ಎಂಟು ಪಾಯಿಂಟ್ ಒಂದರ ರ‍್ಯಾಕಿನ ಹಳಿಗಳಲ್ಲಿ ಅದರ ಚಕ್ರ ಕೂರುತ್ತಿರಲಿಲ್ಲ. ಹಗ್ಗ, ಹಳೆಯ ಬೆಲ್ಟು, ಟಾರ್ಪಾಲಿನ ಪಟ್ಟಿ ಎಲ್ಲ ತಂದು ಅದನ್ನು ಅಡ್ಡಡ್ಡ ಬಿಗಿಯುತ್ತಿದ್ದ. ಕಾರಿನ ಎರಡೂ ಬದಿಗೆ ಮುಂದಿನ ಚಕ್ರ ಒಂದು ಕಡೆ, ಹಿಂದಿನ ಚಕ್ರ ಇನ್ನೊಂದು ಕಡೆ ಚಾಚಿಕೊಂಡಿತ್ತು.

"ಗೆರ್ಬೆನ್, ಆಚೆ ಈಚೆ ಬಹಳ ಚಾಚಿದೆ. ನಿಯಮ ಮೀರುತ್ತೆ," ಎಂದ ಫೋಪ್ಪೆ, ಹೆದರಿ ಹೆದರಿ.

"ಗೊತ್ತು."

"ಪೊಲೀಸರು ಹಿಡಿದ್ರೆ?"

"ಹಿಡೀಲಿ," ಎಂದು ಅವನು ಚಕ್ರದ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದ.

ಬಾಯಿ ಬಿಟ್ಟರೆ ಬಣ್ಣಗೇಡಾಗುತ್ತದೆಂದು ನಾನು ಸುಮ್ಮನೆ ಮನೆಗೆ ಹೋಗಿ ಚೀಲ ತುಂಬಿದೆ. ಮರುದಿನ ಬೆಳಿಗ್ಗೆ ಅವರು ಮುಂದೆ, ನಾನು ಹಿಂದೆ, ನನ್ನ ತುಕ್ಕು ಹಿಡಿದ ರ‍್ಯಾಕಿನ ಮೇಲೆ ನನ್ನ ಮೋಟಾರಿಲ್ಲದ ಸೈಕಲ್. ಹೆದ್ದಾರಿ ಬಿಟ್ಟು ಹಳ್ಳಿ ದಾರಿಯಲ್ಲೇ, ಆಮೆಯ ಹಾಗೆ ಹೋದೆವು. ದಾರಿಯುದ್ದಕ್ಕೂ ಜನ ಹಾರ್ನ್ ಹೊಡೆದರು. ಯಾರೂ ಹಿಡಿಯಲಿಲ್ಲ.

ಮೋಸೆಲ್ ದಂಡೆಯಲ್ಲಿ ಸೆಪ್ಟೆಂಬರಿನ ಬಿಸಿಲು ಹದವಾಗಿತ್ತು. ಅವನು ಮುಂದಿನ ಸೀಟು, ಅವಳು ಹಿಂದಿನ ಸೀಟು. ಅವಳ ಮುಂದೆ ಅವನ ಬೆನ್ನು ಬಿಟ್ಟರೆ ಬೇರೇನಿಲ್ಲ, ಅದಾದರೂ ಅವಳಿಗೆ ಎಷ್ಟು ಕಾಣುತ್ತಿತ್ತೋ. ನಾನು ಏದುಸಿರು ಬಿಡುತ್ತ ಪಕ್ಕದಲ್ಲೇ ತುಳಿಯುತ್ತಿದ್ದೆ.

"ಏನ್ ಕಾಣ್ತಿದೆ ಹೇಳು ಗೆರ್ಬೆನ್," ಎಂದಳು ಹಿಸ್ಕೆ.

"ಗುಡ್ಡ."

"ಎಂಥ ಗುಡ್ಡ?"

"ಇನ್ನೂರೈವತ್ತು ಮೀಟರ್ ಇರಬಹುದು."

"ಮೀಟರ್ ಯಾರಿಗೆ ಬೇಕು. ಹೆಂಗಿದೆ ಹೇಳು."

ಗೆರ್ಬೆನ್ ಕತ್ತೆತ್ತಿ ನೋಡಿದ. ಅವನಿಗೆ ಇದು ರೂಢಿಯಿಲ್ಲದ ಕೆಲಸ. "ಬುಡದಿಂದ ತುದಿ ತನಕ ದ್ರಾಕ್ಷಿ. ಸಾಲು ಸಾಲು. ತಲೆ ಬಾಚಿದ ಹಂಗಿದೆ. ಮೇಲೆ ಒಬ್ಬ ಕೆಂಪು ಅಂಗಿಯವ್ನು ನಿಂತಿದಾನೆ."

"ಏನ್ ಮಾಡ್ತಿದಾನೆ?"

"ಉಚ್ಚೆ ಹೊಯ್ತಿದಾನೆ."

ಅವಳು ಗಟ್ಟಿಯಾಗಿ ನಕ್ಕಳು. ಸೈಕಲ್ಲು ಒಮ್ಮೆ ಹೊಯ್ದಾಡಿ ನೆಟ್ಟಗಾಯಿತು. ನಗು ನಿಂತ ಮೇಲೆ, ಕೋಪವಿಲ್ಲದೆ, ಅಳುವಿಲ್ಲದೆ, ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲಿ ಹೇಳಿದಳು.

"ಹೋದ ಬೇಸಿಗೇಲಿ ಬಂದಿದ್ರೆ ನಾನೇ ನೋಡ್ತಿದ್ದೆ, ಗೆರ್ಬೆನ್."

ಈ ಮಾತನ್ನು ಅವನ ಮುಖಕ್ಕೆ ಎಸೆಯಬೇಕೆಂದು ನಾನು ಎಷ್ಟು ದಿನ ಕಾದಿದ್ದೆ. ಈಗ ಅವನು ಕೊಂಡಿ, ಕಾಗದ, ಪಟ್ಟಿ, ಹೆದ್ದಾರಿ ಎಂದು ಏನಾದರೂ ಹೇಳುತ್ತಾನೆ, ಹೇಳಿದರೆ ಇವನನ್ನು ನದಿಗೆ ನೂಕುತ್ತೇನೆ ಎಂದುಕೊಂಡೆ.

"ಹೌದು," ಎಂದ ಅವನು. "ನೀನೇ ನೋಡ್ತಿದ್ದೆ."

ಅಷ್ಟೇ. ಅದನ್ನು ಕೇಳಿ ನನಗೆ ಸಿಗಬೇಕಾಗಿದ್ದ ಸಮಾಧಾನ ಸಿಗಲಿಲ್ಲ. ನಾನು ನಾಲ್ಕು ಮಾರು ಹಿಂದೆ ಬಿದ್ದೆ. ಅವನ ಬೆನ್ನು ಬಾಗಿತ್ತು. ಹಿಸ್ಕೆ ಒಂದು ಕೈ ಬಿಟ್ಟು ಅವನ ಬೆನ್ನನ್ನು ಎರಡು ಸಲ ತಟ್ಟಿದಳು, ನಿಂತ ಕುದುರೆಯನ್ನು ಹೊರಡಿಸುವವರ ಹಾಗೆ.

"ಸರಿ, ಮುಂದೇನಿದೆ ಹೇಳು," ಎಂದಳು.

ಅವನು ಮೂಗು ಒರೆಸಿಕೊಂಡು ಹೇಳತೊಡಗಿದ.